ಪಖಾಲಿಗೆ ಹೊರಿಸಿದ ನಾರುಹುಣ್ಣು

ನಮ್ಮೂರ ಬಾವಿಯ ಕಟ್ಟೆಗೆ ಒಂದು ಕಲ್ಲು ಕೂರಿಸಿದ್ದಾರೆ. ಅದರ ಮೇಲೆ ಅಜ್ಜಪ್ಪಗೌಡರ ಹೆಸರಿದೆ, ಮುಂಬಯಿಯಿಂದ ಬಂದ ಡಾಕ್ಟರರ ಹೆಸರಿದೆ, ಕಟ್ಟಿದ ಇಸವಿ ಇದೆ. ಹಯಾತಸಾಬನ ಹೆಸರಿಲ್ಲ. ಇರಬೇಕಿತ್ತು ಎಂದು ನಾನೂ ಹೇಳುವುದಿಲ್ಲ. ಕಲ್ಲಿನ ಮೇಲೆ ಹೆಸರು ಬೇಕೆಂದು ಅವನು ಎಂದೂ ಕೇಳಿದವನಲ್ಲ. ಅವನು ಕೇಳಿದ್ದು ಒಂದೇ ಒಂದು ಮಾತು. ಆ ಒಂದು ಮಾತನ್ನು ಕೊಡದೆ ಇಡೀ ಊರು ಅವನನ್ನು ಮಣ್ಣಿಗೆ ಕಳಿಸಿತು. ಅದಕ್ಕೇ ಈ ಬರಹ.

ಊರ ಹೆಸರು ಬರೆಯುವುದಿಲ್ಲ. ಶಿಗ್ಗಾಂವಿಯಿಂದ ಸವಣೂರಿಗೆ ಹೋಗುವ ಗಾಡಿದಾರಿಯ ಮೇಲಿದೆ ಅಂದರೆ ಸಾಕು. ಹೆಸರು ಬರೆದರೆ ಉಳಿದ ಊರಿನವರು "ಅವರು ಮೊದಲಿಂದಲೂ ಹಂಗ ಬಿಡ್ರಿ" ಅಂದು, ಎಲಿ ಅಡಿಕಿ ಬಾಯಿಗೆ ಹಾಕಿಕೊಂಡು, ಪತ್ರಿಕೆ ಮಡಚಿ ತಲೆದಿಂಬಿನ ಕೆಳಗೆ ಇಡುತ್ತಾರೆ. ಹಾನಗಲ್ಲಿನವರೇ, ಹಿರೇಕೆರೂರಿನವರೇ, ಮಡಚಬೇಡಿ. ನಿಮ್ಮಲ್ಲೂ ಮೆಟ್ಟಿಲ ಬಾವಿಗಳಿದ್ದವು. ನಿಮ್ಮಲ್ಲೂ ಗೌಡರಿದ್ದರು.

ಹಯಾತಸಾಬ ಪಖಾಲಿ. ಆಡಿನ ಇಡೀ ಚರ್ಮವನ್ನು ಹೊಲಿದು ಮಾಡಿದ ನೀರಿನ ಚೀಲಕ್ಕೂ ಪಖಾಲಿ ಎನ್ನುತ್ತಾರೆ, ಅದನ್ನು ಬೆನ್ನಿಗೆ ಹಾಕಿಕೊಂಡು ಮನೆಮನೆಗೆ ನೀರು ಹಾಕುವವನಿಗೂ ಅದೇ ಹೆಸರು. ಅವನ ಅಪ್ಪ ಪಖಾಲಿ, ಅಜ್ಜನೂ ಪಖಾಲಿ. ಚೀಲ ಹೊತ್ತೂ ಹೊತ್ತೂ ಹಯಾತನ ಮೈ ಎಡಕ್ಕೆ ವಾಲಿಬಿಟ್ಟಿತ್ತು. ಖಾಲಿ ಬೆನ್ನಿನಲ್ಲಿ ನಡೆದಾಗಲೂ ವಾಲಿಯೇ ಇರುತ್ತಿತ್ತು. ಸಂತೆಯಲ್ಲಿ ಮಂದಿ ಕೆಣಕುತ್ತಿದ್ದರು: "ಹಯಾತಸಾಬ, ಚೀಲಾ ಇಳಿಸೀಯೋ ಇಲ್ಲೋ?"

"ಇಳಿಸೇನ್ರಿ. ಬೆನ್ನಿಗೆ ಇನ್ನಾ ಸುದ್ದಿ ಮುಟ್ಟಿಲ್ಲ."

ಅವನು ನೀರು ಹಾಕುತ್ತಿದ್ದುದು ಮಸೂತಿ ಓಣಿಗೆ, ಸಂತೆಕಟ್ಟೆಯ ಕುಡಿಯುವ ನೀರಿನ ಹರವಿಗೆ, ಮತ್ತೆ ಊರ ಹೊರಗಿನ ಕೇರಿಗೆ. ಮಸೂತಿ ಓಣಿಯಿಂದ ಪಖಾಲಿಯೊಬ್ಬನೇ ಬಾವಿಗೆ ಇಳಿಯುವುದು ರೂಢಿ. ಕೇರಿಯವರಿಗಂತೂ ಬಾವಿಯ ಮೆಟ್ಟಿಲು ಇಳಿಯುವ ಹಕ್ಕೇ ಇರಲಿಲ್ಲ. ಅವರ ಹೆಂಗಸರು ಖಾಲಿ ಕೊಡ ಇಟ್ಟುಕೊಂಡು ಮೇಲೆ ಬಿಸಿಲಿನಲ್ಲಿ ನಿಂತಿರಬೇಕು. ಯಾರಾದರೂ ದೊಡ್ಡ ಮನಸ್ಸು ಮಾಡಿ ದೂರದಿಂದ ಸುರುವಿದರೆ ಉಂಟು. ದೊಡ್ಡ ಮನಸ್ಸು ದಿನಾ ಇರುವುದಿಲ್ಲ. ಹಯಾತ ದಿನಾ ಇರುತ್ತಿದ್ದ.

ಇವನದೊಂದು ರೂಢಿ ಇತ್ತು. ಚೀಲದ ಬಾಯಿಗೆ ಹಳೇ ಧೋತರದ ಅರಿವೆಯನ್ನು ಎರಡು ಪದರು ಮಾಡಿ ಕಟ್ಟಿಯೇ ಹರವಿಗೆ ಸುರಿಯುತ್ತಿದ್ದ. ಇದರಲ್ಲಿ ದೊಡ್ಡ ಜ್ಞಾನವೇನೂ ಇಲ್ಲ. ಅವನ ಅಪ್ಪನ ಕಾಲದಲ್ಲಿ ಒಂದು ಮದುವೆ ಮನೆಯಲ್ಲಿ ನೀರು ಸುರಿಯುವಾಗ ಚೀಲದಿಂದ ಮರಿಗಪ್ಪೆಯೊಂದು ಹಾರಿ ಮದುಮಗನ ಮಾವನ ತಾಟಿಗೆ ಬಿತ್ತು. ಆಮೇಲೆ ಓಣಿಯ ಮಂದಿ ಅಪ್ಪನನ್ನು "ಕಪ್ಪಿ ಪಖಾಲಿ" ಎಂದೇ ಕರೆದರು. ಆ ಮಾನಕ್ಕೆ ಅಂಜಿ ಅರಿವೆ ಕಟ್ಟಿದ್ದು. ಮಗನೂ ಅದನ್ನೇ ನಡೆಸಿಕೊಂಡು ಬಂದ, ಅಷ್ಟೇ.

ಬಾವಿ ಎಂದರೆ ಆಗ ಹಗ್ಗವಿಲ್ಲ, ಗಡಗಡಿ ಇಲ್ಲ. ಕೊಡ ಹಿಡಿದು ಮೆಟ್ಟಿಲು ಇಳಿಯಬೇಕು, ನೀರು ಮೊಣಕಾಲಿಗೆ ಬರುವ ತನಕ ಹೋಗಬೇಕು, ಮೊದಲು ಕಾಲು ತೊಳೆದುಕೊಳ್ಳಬೇಕು, ಆಮೇಲೆ ಕೊಡ ಅದ್ದಬೇಕು. ಕಾಲು ತೊಳೆಯದೆ ಅದ್ದಿದ ಸೊಸೆಯನ್ನು ಅತ್ತೆ ಮೇಲಿನ ಮೆಟ್ಟಿಲಿನಿಂದಲೇ ಹರಾಜಿಗೆ ಹಾಕುತ್ತಿದ್ದಳು: "ಹೊಲಸು ಕಾಲೀಲೆ ದೇವರ ನೀರು ತುಂಬತೀಯೇನ? ನಿಮ್ಮವ್ವ ಇದನ್ನ ಕಲಿಸಿ ಕಳಿಸ್ಯಾಳೇನು?" ಮಡಿ ಎಂದರೆ ಮಡಿ. ಕಾಲು ತೊಳೆದ ನೀರು ಎಲ್ಲಿಗೆ ಹೋಯಿತು ಎಂದು ಮಾತ್ರ ಯಾರೂ ಕೇಳಲಿಲ್ಲ. ಅದು ಕೊಡಕ್ಕೇ ಹೋಗುತ್ತಿತ್ತು.

ಬೇಸಿಗೆ ಬಂದರೆ ಊರಿಗೆ ನಾರುಹುಣ್ಣು ಏಳುತ್ತಿತ್ತು. ಕಂಡವರಿಗೆ ಗೊತ್ತು. ಪಾದದ ಮೇಲೋ ಮೀನಖಂಡದಲ್ಲೋ ಬೊಬ್ಬೆ ಬರುತ್ತದೆ, ಕೆಂಡ ಇಟ್ಟ ಹಾಗೆ ಉರಿಯುತ್ತದೆ, ಒಡೆದರೆ ಒಳಗಿಂದ ಬಿಳಿ ದಾರದಂಥ ಹುಳ ತಲೆ ಹಾಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಾ ಒಂದಿಷ್ಟೇ ಎಳೆಯಬೇಕು. ಅವಸರಕ್ಕೆ ಹರಿದರೆ ಕಾಲು ಕೀವುಗಟ್ಟುತ್ತದೆ, ಕೆಲವರದು ಮಡಚಿದ್ದು ಮತ್ತೆ ಬಿಚ್ಚುವುದಿಲ್ಲ. ಹೊಲ ಹರಗಬೇಕಾದ ದಿನಗಳಲ್ಲಿ ಅರ್ಧ ಊರು ಕಟ್ಟೆಯ ಮೇಲೆ ಕಾಲು ಚಾಚಿಕೊಂಡು ಕೂತಿರುತ್ತಿತ್ತು. ಉರಿ ತಡೆಯಲಾರದವರು ಎಲ್ಲಿಗೆ ಹೋಗುತ್ತಾರೆ? ಬಾವಿಗೆ. ತಣ್ಣೀರಿನಲ್ಲಿ ಕಾಲು ಇಳಿಬಿಟ್ಟು "ಹಾ, ಜೀವ ಬಂತು" ಎನ್ನುತ್ತಿದ್ದರು. ಪಕ್ಕದಲ್ಲೇ ಇನ್ನೊಬ್ಬಳು ಕೊಡ ತುಂಬುತ್ತಿದ್ದಳು.

ಸಾವಿರದ ಒಂಬೈನೂರ ಮೂವತ್ತೇಳರ ಬೇಸಿಗೆಯಲ್ಲಿ ಮುಂಬಯಿಯಿಂದ ಡಾಕ್ಟರು ಬಂದರು. ಹುಟ್ಟಿದ್ದು ಧಾರವಾಡದ ಕಡೆ, ಮಾತು ನಮ್ಮದೇ. ನಾರುಹುಣ್ಣು ಯಾವ ನೀರಿನಿಂದ, ಯಾವ ನಡವಳಿಕೆಯಿಂದ ಬರುತ್ತದೆ ಎಂದು ತಾಲೂಕು ತಾಲೂಕು ತಿರುಗಿ ಶೋಧನೆ ಮಾಡುತ್ತಿದ್ದರು. ಇಳಿದುಕೊಂಡದ್ದು ಅಜ್ಜಪ್ಪಗೌಡರ ವಾಡೆಯಲ್ಲಿ. ಬೇರೆ ಎಲ್ಲಿ ಇಳಿಯುತ್ತಾರೆ? ಚಾವಡಿಯಲ್ಲಿ ಕೂತು ಊರ ಕಾಲುಗಳನ್ನೆಲ್ಲ ನೋಡಿದರು. ನೋವಿದ್ದವರಿಗೆ ಮುಲಾಮು ಹಚ್ಚಿದರು, ಹುಳವನ್ನು ಹರಿಯದಂತೆ ತೆಗೆದರು. ಮನೆಮನೆಗೆ ಹೋಗಿ ಕೇಳಿದರು: ನೀರು ಎಲ್ಲಿಯದು, ಯಾರು ತರುತ್ತಾರೆ, ಹೋದ ವರ್ಷ ಯಾರಿಗೆ ಬಂತು, ಯಾರಿಗೆ ಬರಲೇ ಇಲ್ಲ? ಬರಲಿಲ್ಲ ಎಂದವರ ಮನೆಯಲ್ಲಿ ಇನ್ನೂ ಹೆಚ್ಚು ಹೊತ್ತು ಕೂರುತ್ತಿದ್ದರು. ಒಳ್ಳೆಯ ಕೆಲಸ. ನಾನು ಅದನ್ನು ಅಲ್ಲಗಳೆಯುವುದಿಲ್ಲ. ನನ್ನ ಸಿಟ್ಟು ಆ ಕೆಲಸದ ಮೇಲಲ್ಲ.

ಒಂದು ದಿನ ಡಾಕ್ಟರು ಹಿರಿಯರನ್ನೆಲ್ಲ ಚಾವಡಿಗೆ ಕರೆದು ತಿಳಿಸಿ ಹೇಳಿದರು. ಹುಣ್ಣಿರುವ ಕಾಲು ನೀರಿಗೆ ಮುಟ್ಟಿದ ಕೂಡಲೇ ಹುಳ ತನ್ನ ಮರಿಗಳನ್ನು ನೀರಿಗೆ ಚೆಲ್ಲುತ್ತದೆ. ನೀರಿನಲ್ಲಿರುವ ಚುಕ್ಕಿಯಂಥ ಜೀವಿ ಆ ಮರಿಗಳನ್ನು ನುಂಗುತ್ತದೆ. ಜೀವಿಯನ್ನು ನೀರಿನ ಜೊತೆ ನಾವು ನುಂಗುತ್ತೇವೆ. ವರ್ಷದ ಮೇಲೆ ನಮ್ಮ ಕಾಲಿನಲ್ಲಿ ಅದೇ ದಾರ. "ಅದಕ್ಕ ಯಾರೂ ಬಾವೀ ನೀರಿಗೆ ಕಾಲು ಹಾಕಬಾರದು. ಯಾರೂ ಅಂದ್ರ ಯಾರೂ," ಎಂದರು. ನಂಬಿಕೆ ಬರಲಿ ಎಂದು ಬಾವಿಯ ನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಗೌಡರನ್ನು ಕರೆದರು.

ಗೌಡರು ಒಂದು ಕಣ್ಣು ಮುಚ್ಚಿ ಬಗ್ಗಿದರು. ಬಗ್ಗಿದವರು ತಟಕ್ಕನೆ ಹಿಂದೆ ಸರಿದರು.

"ಏನ್ರಿ ಇದು! ಕಾಲದಾವು, ಮೀಸಿ ಅದಾವು... ಈಸಾಕತ್ತಾವಲ್ರಿ!"

"ಅದಽ ಗೌಡ್ರ, ನಾ ಹೇಳಿದ್ದು."

"ಎಲ್ಲೀ ನೀರಿದು?"

"ನಿಮ್ಮ ಬಾವೀದು. ಮುಂಜಾನಿ ಕೊಡದಾಗ ತರಿಸೇನಿ."

ಗೌಡರ ಮುಖ ಬೂದಿಯಾಯಿತು. "ಅಂದ್ರ ನಮ್ಮವ್ವ ಲಿಂಗಕ್ಕ ಎರಿಯೂದು ಇದನ್ನ? ಹುಟ್ಟಿದಾಗಿಂದ ನಾವು ಕುಡದದ್ದು ಇದನ್ನ? ಜೀವಂತ ಪ್ರಾಣಿ ತಿಂದಂಗಾತಲ್ರಿ ನಾವು!"

ಚಾವಡಿಯಲ್ಲಿ ಗುಸುಗುಸು ಎದ್ದಿತು. ಒಬ್ಬರು ಹೊರಗೆ ಹೋಗಿ ಉಗುಳಿ ಬಂದರು. ನೋಡಿ, ಅಲ್ಲಿ ಕೂತವರಲ್ಲಿ ಅರ್ಧ ಜನರ ಕಾಲಿಗೆ ಕಡ್ಡಿ ಕಟ್ಟಿತ್ತು. ಕಾಲು ಹೋಗುತ್ತದಲ್ಲ ಎಂದು ಯಾರೂ ಅಳಲಿಲ್ಲ. ಬಾಯಿ ಕೆಟ್ಟಿತಲ್ಲ ಎಂದು ಅತ್ತರು. ಬಾಯಿ ಕೆಟ್ಟಿದೆ ಅಂದಮೇಲೆ ಕೆಡಿಸಿದವನೊಬ್ಬ ಬೇಕು.

"ಇಂಥಾವು ನೀರಾಗ ಹುಟ್ಟೂವಲ್ಲ," ಎಂದರು ಗೌಡರು. "ಮಾಂಸದಾಗ ಹುಟ್ಟೂವು. ನಮ್ಮ ಬಾವ್ಯಾಗ ಚರ್ಮಾ ಅದ್ದೂದು ಯಾರು?"

ತಲೆಗಳೆಲ್ಲ ಬಾಗಿಲಿಗೆ ತಿರುಗಿದವು. ಡಾಕ್ಟರರ ಕೆಲಸಕ್ಕೆಂದು ನೀರು ತಂದ ಹಯಾತಸಾಬ ಅಲ್ಲಿ ನಿಂತಿದ್ದ, ಎಡಕ್ಕೆ ವಾಲಿಕೊಂಡು, ಬೆನ್ನ ಮೇಲೆ ತುಂಬಿದ ಚೀಲ.

"ಹಂಗಲ್ರಿ ಗೌಡ್ರ," ಎಂದರು ಡಾಕ್ಟರು, "ಚರ್ಮಕ್ಕೂ ಇದಕ್ಕೂ ಸಂಬಂಧ..."

"ನೀವು ಏಳ್ರಿ ಸಾಹೇಬ್ರ, ಊಟದ ಹೊತ್ತಾತು. ಹೋಳಿಗಿ ಆರತಾವು."

ಡಾಕ್ಟರು ಎದ್ದರು. ಶುರುಮಾಡಿದ ಮಾತನ್ನು ಅಲ್ಲಿಯೇ ಬಿಟ್ಟು ಎದ್ದರು. ನನ್ನ ಸಿಟ್ಟು ಇಲ್ಲಿಂದ ಶುರು.

ಮರುದಿನ ಚಾವಡಿಯಲ್ಲಿ, ಡಾಕ್ಟರರ ಎದುರಿಗೇ, ಪಂಚರು ಕೂತು ಹೇಳಿದರು: ಇನ್ನು ಮೇಲೆ ಪಖಾಲಿ ಬಾವಿ ಮುಟ್ಟುವಂತಿಲ್ಲ. ಹಯಾತನಿಗಿಂತ ಮೊದಲು ಬಾಯಿ ತೆರೆದವಳು ಅವನ ಹೆಂಡತಿ ಮಾಸೂಮಾ. ಸೆರಗನ್ನು ಹಣೆಯ ತನಕ ಎಳೆದುಕೊಂಡೇ ಕೇಳಿದಳು: "ಗೌಡ್ರ, ನಿಮ್ಮ ಎಲಿತೋಟದಾಗ ಎತ್ತು ಹೂಡಿ ನೀರು ಜಗ್ಗತೀರಲ್ಲ, ಆ ಚೀಲ ಯಾವ ಗಿಡದಾಗ ಬಿಟ್ಟಿತ್ರಿ?"

ಕಪಿಲೆಯ ಆ ಚೀಲವೂ ಚರ್ಮದ್ದೇ. ಯಾರೋ ಕಿಸಕ್ಕೆಂದರು. ಗೌಡರು ಆ ಕಡೆ ಒಮ್ಮೆ ನೋಡಿದ್ದಕ್ಕೆ ನಗು ಅಲ್ಲಿಗೇ ನಿಂತಿತು.

"ಅದು ತ್ವಾಟದ ಮಾತು. ಕುಡಿಯೂ ನೀರಿನ ಮಾತು ಬ್ಯಾರೆ."

"ತ್ವಾಟದ ಎಲಿ ಬಾಯಾಗ ಹಾಕ್ಕೊಳ್ಳೂದಿಲ್ಲೇನ್ರಿ? ಈಗ ಅಗಿಯಾಕತ್ತದ್ದು ಏನ್ರಿ ಮತ್ತ?"

"ಹಯಾತ್ಯಾ, ನಿನ್ನ ಹೇಂತೀಗೆ ಬುದ್ಧಿ ಹೇಳು."

ಹಯಾತ ಬುದ್ಧಿ ಹೇಳಲಿಲ್ಲ. ಡಾಕ್ಟರರ ಕಡೆ ತಿರುಗಿದ. "ಸಾಹೇಬ್ರ, ನಾನೂ ಬಾವೀಗೆ ಕಾಲು ಹಾಕತೇನಿ, ಸುಳ್ಳು ಹೇಳೂದಿಲ್ಲ. ಎಲ್ಲಾರೂ ಬ್ಯಾಡ ಅಂದ್ರ ನಾನೂ ಬಿಡತೇನಿ. ಆದ್ರ ಹುಳಾ ನನ್ನ ಚೀಲದಾಗಿಂದ ಬಂತು ಅಂತಾರ. ಬಾವೀ ನೀರು ನೋಡಿದ್ರಿ. ನನ್ನ ಚೀಲದ್ದೂ ಒಂದು ಹನಿ ನೋಡ್ರಿ, ಎಲ್ಲಾರ ಎದುರಿಗೆ."

ಅಲ್ಲಿಯೇ ಬಿಳಿ ಬಟ್ಟಲಿಗೆ, ಎಂದಿನ ಹಾಗೆ ಅರಿವೆಯ ಬಾಯಿಂದ, ನೀರು ಸುರಿದ. ಡಾಕ್ಟರು ಹನಿ ತೆಗೆದು ನೋಡಿದರು. ಇನ್ನೊಂದು ಕಡೆಯಿಂದ ತೆಗೆದು ನೋಡಿದರು. ತಲೆ ಎತ್ತಿ, "ಏನೂ ಕಾಣೂದಿಲ್ಲ," ಎಂದರು.

"ಗೌಡ್ರ, ನೀವೂ ಒಂದು ಸರತಿ ನೋಡ್ರಿ," ಎಂದ ಹಯಾತ. ಅವನ ದನಿಯಲ್ಲಿ ಗೆದ್ದ ಸಂತೋಷವೇ ಇತ್ತು, ಪಾಪ.

"ಚರ್ಮದ ನೀರಿಗೆ ಮಾರಿ ಹಚ್ಚಲೇನಲೇ ನಾನು?"

ನೋಡಲೇ ಇಲ್ಲ. ಮೊದಲ ಹನಿಗೆ ಬಗ್ಗಿದ ಕುತ್ತಿಗೆ ಎರಡನೆಯ ಹನಿಗೆ ಬಗ್ಗಲಿಲ್ಲ. ಊರೆಲ್ಲ ಡಾಕ್ಟರರ ಬಾಯಿ ನೋಡಿತು. ಆ ವಾಡೆಯಲ್ಲಿ ಇನ್ನೂ ಎಷ್ಟೋ ದಿನ ಉಣ್ಣಬೇಕಾದ ಆ ಮನುಷ್ಯ ಕನ್ನಡಕ ಒರೆಸಿಕೊಂಡು ಏನೆಂದರು ಗೊತ್ತೇ? "ಒಂದು ಹನೀಲೆ ಏನೂ ಸಿದ್ಧ ಆಗೂದಿಲ್ಲ. ಶಾಸ್ತ್ರ ಹಂಗ."

ನಿಜ, ಶಾಸ್ತ್ರ ಹಾಗೆಯೇ ಇರಬಹುದು. ಆದರೆ ಹಯಾತನ ಮೇಲೆ ಹೊರಿಸಲಿಕ್ಕೆ ಒಂದು ಹನಿ ಸಾಕಾಯಿತಲ್ಲ, ಸಾಹೇಬರೇ! ಆಗ ಶಾಸ್ತ್ರ ಎಲ್ಲಿ ಹೋಗಿತ್ತು? ಹೋಳಿಗೆ ತಿನ್ನುತ್ತಿತ್ತೇ?

ಡಾಕ್ಟರು ಹೋದರು. "ಯಾರೂ ಕಾಲು ಹಾಕಬಾರದು" ಎಂದು ಅವರು ಹೇಳಿದ್ದರಲ್ಲ, ಅದರಲ್ಲಿ ಊರು ಒಬ್ಬನ ಕಾಲನ್ನು ಮಾತ್ರ ತಡೆಯಿತು. ಉಳಿದವರು ಎಂದಿನಂತೆ ಇಳಿದರು, ಮಡಿಯಿಂದ ಕಾಲು ತೊಳೆದರು, ಕೊಡ ಅದ್ದಿದರು. ಹಯಾತನ ಚೀಲ ಗೂಟಕ್ಕೆ ಹೋಯಿತು. ಮಸೂತಿ ಓಣಿಯವರೂ ಕೇರಿಯವರೂ ಊರಾಚೆಯ ಹೊಂಡಕ್ಕೆ ಕೊಡ ಹೊತ್ತರು. ಆ ಹೊಂಡಕ್ಕೆ ದನವೂ ಇಳಿಯುತ್ತಿತ್ತು, ಜನವೂ ಇಳಿಯುತ್ತಿತ್ತು. ಅರಿವೆ ಇದ್ದದ್ದು ಚೀಲದ ಬಾಯಿಗೆ. ಕೊಡದ ಬಾಯಿಗೂ ಅದು ಬೇಕು ಎಂದು ಅವರಿಗೆ ಗೊತ್ತಿರಲಿಲ್ಲ. ಹೇಳಬೇಕಾದವರು ಮುಂಬಯಿಯಲ್ಲಿ ಲೆಕ್ಕ ಹಾಕುತ್ತ ಕೂತಿದ್ದರು.

ಮುಂದಿನ ಬೇಸಿಗೆಗೆ ಆ ಓಣಿಯಲ್ಲಿ ಎಂದೂ ಕಾಣದಷ್ಟು ನಾರು ಎದ್ದಿತು. ಹಯಾತನ ಮಗಳು ಶಾಕೀರಾಳ ಮೊಣಕಾಲಿನಲ್ಲಿ ಎದ್ದ ಹುಳ ಎಳೆಯುವಾಗ ಹರಿಯಿತು. ಕೀವಾಗಿ, ಬಾತು, ತಿಂಗಳುಗಟ್ಟಲೆ ನರಳಿ, ಕಡೆಗೆ ಕಾಲು ಮಡಚಿದ್ದು ಮಡಚಿಯೇ ಉಳಿಯಿತು. ಆಗ ಬಂದ ಮಾತು ಕೇಳಿ. ಅಜ್ಜಪ್ಪಗೌಡರು ಕಟ್ಟೆಯ ಮೇಲೆ ಕೂತು ಹೇಳಿದರು: "ನೋಡ್ರೋ, ಅವರ ಓಣ್ಯಾಗ ಎದ್ದೈತಿ. ನಾ ಅಂದಿದ್ದಿಲ್ಲೇನು, ಬೇರು ಅಲ್ಲೇ ಐತಿ ಅಂತ?" ನೀರು ಕಿತ್ತುಕೊಂಡವರು, ರೋಗ ಬಂದ ಮೇಲೆ ಆ ರೋಗವನ್ನೇ ಸಾಕ್ಷಿ ಮಾಡಿಕೊಂಡರು. ಇಂಥ ನ್ಯಾಯಕ್ಕೆ ಬೇರೆ ಹೆಸರಿದ್ದರೆ ಹೇಳಿ, ನನಗೆ ಗೊತ್ತಿರುವ ಹೆಸರು ಪತ್ರಿಕೆಯಲ್ಲಿ ಅಚ್ಚಾಗುವುದಿಲ್ಲ.

ಹಯಾತ ಹೆಂಡತಿ ಮಗಳನ್ನು ಊರಲ್ಲೇ ಬಿಟ್ಟು ಯಲವಿಗಿ ಸ್ಟೇಷನ್ನಿಗೆ ಹೋದ. ಅಲ್ಲಿ ಗಾಡಿ ನಿಂತಾಗ ಬಕೀಟು ಹಿಡಿದು "ಮುಸಲ್ಮಾನ್ ಪಾನಿ" ಎಂದು ಕೂಗುತ್ತ ರೈಲಿನ ಡಬ್ಬಿಯಿಂದ ಡಬ್ಬಿಗೆ ಓಡುವ ಕೆಲಸ. ಚೀಲವನ್ನೂ ಜೊತೆಗೆ ಒಯ್ದಿದ್ದ. ಅದರಿಂದ ಅಲ್ಲಿ ಏನೂ ಉಪಯೋಗವಿಲ್ಲ. ಆದರೂ ದಿನಾ ಅದಕ್ಕೆ ನೀರು ತುಂಬಿ, ಹೊರಳಾಡಿಸಿ, ಚೆಲ್ಲಿ, ಎಣ್ಣೆ ತಿಕ್ಕಿ ತೂಗುಹಾಕುತ್ತಿದ್ದ. ಚರ್ಮಕ್ಕೆ ನೀರು ತೋರಿಸದಿದ್ದರೆ ಬಿರಿಯುತ್ತದೆ. ಒಂದು ಸಲ ಹುಬ್ಬಳ್ಳಿಗೆ ಹೋಗಲು ಸ್ಟೇಷನ್ನಿನಲ್ಲಿ ಕೂತಿದ್ದಾಗ ನಾನೇ ಕೇಳಿದೆ: "ಯಾಕೋ ಮಾರಾಯಾ, ಮಾರಿಬಿಡಬಾರದ?"

"ಮಾರಿದ್ರ ಅವರಂದದ್ದು ಖರೇ ಅಂತ ಒಪ್ಪಿದಂಗಲ್ರಿ. ಒಂದಿನಾ ಕರೀತಾರ. ನಿನ್ನ ಚೀಲದ್ದೇನೂ ತಪ್ಪಿಲ್ಲ ಅಂತ ಯಾರರ ಒಬ್ರು ಅಂದ್ರ ಸಾಕು. ಆವತ್ತ ಹರಕ ಚೀಲಾ ಹೊತಗೊಂಡು ಹೋಗಲೇನ್ರಿ?"

ವರ್ಷಗಳು ಹೋದವು. ಒಂದು ಬೇಸಿಗೆಯಲ್ಲಿ ನಾರು ಅಜ್ಜಪ್ಪಗೌಡರ ಹಿಮ್ಮಡಿಯಲ್ಲೇ ಎದ್ದಿತು. ಪಖಾಲಿ ಬಾವಿ ಬಿಟ್ಟು ಅಷ್ಟು ಕಾಲ ಆದಮೇಲೆ ಇದು ಎಲ್ಲಿಂದ ಬಂತು ಎಂದು ಗೌಡರನ್ನು ಕೇಳುವ ಗಂಡಸು ಊರಲ್ಲಿರಲಿಲ್ಲ. ಆದರೆ ಉರಿ ಉರಿಯೇ. ಗೌಡರು ಮುಂಬಯಿಗೆ ಪತ್ರ ಬರೆಸಿದರು. ಡಾಕ್ಟರರ ಸಲಹೆಯಂತೆ ಮೆಟ್ಟಿಲುಗಳಿಗೆ ಗೋಡೆ ಎದ್ದಿತು, ಬಾವಿಗೆ ಕಟ್ಟೆ ಬಂತು. ಯುದ್ಧದ ಕಾಲ, ಕಬ್ಬಿಣ ಸಿಗಲಿಲ್ಲವೆಂದು ಕಟ್ಟಿಗೆಯ ಗಡಗಡಿ ಕೂರಿಸಿದರು. ಸಾವಿರದ ಒಂಬೈನೂರ ನಲವತ್ತೆರಡರಲ್ಲಿ ಡಾಕ್ಟರರನ್ನೇ ಕರೆಸಿ ಕಲ್ಲು ಕೂರಿಸಿದರು. ಸುದ್ದಿ ಯಲವಿಗಿಗೂ ಮುಟ್ಟಿತು. ಹಯಾತ ಎಣ್ಣೆ ತಿಕ್ಕಿದ ಚೀಲ ಹೆಗಲಿಗೆ ಹಾಕಿಕೊಂಡು ಬಂದ.

ಡಾಕ್ಟರು ಭಾಷಣ ಮಾಡಿದರು. ಕಾಲು ನೀರಿಗೆ ತಾಗದಿದ್ದರೆ ನಾರು ಇಲ್ಲ ಎಂದರು. "ಇನ್ನೊಂದು ಮಾತು. ಹೊಲದಾಗ, ಹೊಂಡದಾಗ ನೀರು ಕುಡಿಯೂ ಪ್ರಸಂಗ ಬಂದ್ರ ಎರಡು ಪದರು ಅರಿವ್ಯಾಗ ಸೋಸಿ ಕುಡೀರಿ. ಇದನ್ನ ನಾನು ಮುಂಬಯಿ ವಿದ್ವಾಂಸರ ಸಭಾದಾಗೂ ಹೇಳೇನಿ. ಈ ಊರಾಗ ಎರಡು ಕಡೆ ಮೊದಲು ನಾರು ಭಾಳ ಕಡಿಮಿ ಇತ್ತು. ಅಲ್ಲಿ ಸೋಸಿದ ನೀರು ಕುಡೀತಿದ್ರು."

ಹಿಂದಿನಿಂದ ದನಿ ಬಂತು. "ಯಾವ ಎರಡು ಕಡೇರಿ, ಸಾಹೇಬ್ರ?"

ಡಾಕ್ಟರು ಗುರುತು ಹಿಡಿದರು. ವಾಲಿದ ಮೈ ಮರೆಯುವಂಥದಲ್ಲ. ತಡವರಿಸಿ ಹೇಳಿದರು: "ಮಸೂತಿ ಓಣಿ... ಮತ್ತ ಊರ ಹೊರಗಿನ ಕೇರಿ."

"ಅಲ್ಲಿಗೆ ನೀರು ಹಾಕತಿದ್ದವರು ಯಾರ್ರಿ?"

ನಿಮಗೆ ಅರ್ಥವಾಯಿತೇ, ಓದುಗರೇ? ಲೆಕ್ಕ ಹಾಕಿ ಮುಗಿದ ದಿನವೇ ಆ ಮನುಷ್ಯನಿಗೆ ಇದು ಗೊತ್ತಿತ್ತು. ಮುಂಬಯಿಯ ವಿದ್ವಾಂಸರಿಗೆ ಹೇಳಿದರು. ಯಲವಿಗಿಯ ಪ್ಲಾಟ್‌ಫಾರಂ ಮೇಲೆ ಬಕೀಟು ಹಿಡಿದು ಓಡುತ್ತಿದ್ದವನಿಗೆ ಹೇಳಲು ಒಂದು ಕಾರ್ಡು ಬರೆಯಲಿಲ್ಲ.

ಹಯಾತ ಮುಂದೆ ಬಂದ. "ಸಾಹೇಬ್ರ, ನನಗ ಹಾರ ಬ್ಯಾಡ್ರಿ. ಹುಳಾ ಪಖಾಲೀಲಿಂದ ಬಂದಿದ್ದಿಲ್ಲ ಅಂತ ಈ ಮಂದಿ ಎದುರಿಗೆ ಒಂದು ಮಾತು ಅಂದುಬಿಡ್ರಿ. ಇಲ್ಲಾ ಗೌಡ್ರಽ ಅನ್ಲಿ."

ಡಾಕ್ಟರು ಗೌಡರನ್ನು ನೋಡಿದರು. ಗೌಡರು ಗಡಗಡಿಯನ್ನು ನೋಡಿದರು. ಕಡೆಗೆ ಡಾಕ್ಟರೇ ಮಧ್ಯಸ್ಥಿಕೆಗೆ ಇಳಿದರು: "ಹಳೇದೆಲ್ಲಾ ಯಾಕಪ್ಪ ಈಗ? ಒಂದು ತಗಡಿನ ಡಬ್ಬಿ ತಗೋ. ಡಬ್ಬೀಲೆ ಜಗ್ಗಿದ್ರ ಗೌಡ್ರೂ ಬ್ಯಾಡ ಅನ್ನೂದಿಲ್ಲ. ಹೌದಲ್ರಿ, ಗೌಡ್ರ?"

"ಡಬ್ಬಿ ಆದ್ರ ಅಡ್ಡಿ ಇಲ್ಲ," ಎಂದರು ಗೌಡರು, ದಾನ ಕೊಟ್ಟವರ ಹಾಗೆ.

"ತಗೋಲೇ, ಸ್ಟೇಷನ್ನಿನಾಗ ಬಕೀಟು ಹಿಡಿಯೂದಿಲ್ಲೇನು ನೀನು?" ಎಂದು ಪಕ್ಕದವನೊಬ್ಬ ಚುಚ್ಚಿದ.

"ಹಿಡೀತೇನಿ. ಅಲ್ಲಿ ನನ್ನ ಚೀಲಕ್ಕ ಯಾರೂ ಕಳ್ಳ ಅಂದಿಲ್ಲ. ಇಲ್ಲಿ ಡಬ್ಬಿ ಹಿಡಿದ್ರ ಅಂದದ್ದನ್ನ ಒಪ್ಪಿದಂಗ." ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಹೊರಟೇಹೋದ. ಮಂದಿ ಬೆಲ್ಲ ಹಂಚಿಕೊಂಡು ತಿಂದರು.

ನಲವತ್ತೈದರ ಮಳೆಗಾಲದಲ್ಲಿ ಹಯಾತಸಾಬ ಯಲವಿಗಿಯಲ್ಲೇ ಜ್ವರದಿಂದ ಸತ್ತ. ಹೆಣದ ಗಾಡಿಯಲ್ಲಿ ಚೀಲವೂ ಊರಿಗೆ ಬಂತು. ಮಾಸೂಮಾ ಅದನ್ನು ಹೊಂಡದ ನೀರಿನಲ್ಲಿ ದಿನಾ ತೋಯಿಸುತ್ತಿದ್ದಳು, ಬಿರಿಯಗೊಡಲಿಲ್ಲ.

ಮುಂದಿನ ವರ್ಷ ಒಂದು ದಿನ, ಹಾಡುಹಗಲು, ಸಂತೆಯ ದಿನ, ಅವಳು ಚೀಲ ಹೊತ್ತು ಬಾವಿಗೆ ಬಂದಳು. ಕಲ್ಲಿನ ಪಕ್ಕದಲ್ಲೇ ಅದನ್ನಿಟ್ಟು ಹಗ್ಗ ಹಿಡಿದಳು. ಜಗಳಕ್ಕೆ ಸಿದ್ಧವಾಗಿಯೇ ಬಂದಿದ್ದಳು. ಮಡಚಿದ ಕಾಲಿನ ಶಾಕೀರಾಳೂ ಕೋಲೂರಿಕೊಂಡು ಜೊತೆಗೆ ಬಂದಿದ್ದಳು. ಯಾರೂ ತಡೆಯಲಿಲ್ಲ. ಒಪ್ಪಿಕೊಂಡು ಬಿಟ್ಟರು ಎಂದು ತಿಳಿಯಬೇಡಿ. ಮರೆತಿದ್ದರು! ನಾರು ಹೋಗಿತ್ತು, ಅದರ ಜೊತೆಗೆ ಒಬ್ಬನ ಜೀವಮಾನದ ಮೇಲೆ ತಾವು ಹಾಕಿದ ಕೊಳಕೂ ಇವರ ನೆನಪಿನಿಂದ ಹೋಗಿತ್ತು. ಅಜ್ಜಪ್ಪಗೌಡರು ವಾಡೆಯ ಜಗಲಿಯಿಂದ ನೋಡಿದರು, ಎಲೆಗೆ ಸುಣ್ಣ ಹಚ್ಚಿಕೊಂಡರು, ಒಳಗೆ ಹೋದರು. ತಪ್ಪಾಯಿತು ಎನ್ನುವ ಕಷ್ಟ ಬೇಡವೆಂದರೆ ಮರೆತುಬಿಡುವುದು. ಇಷ್ಟು ಸುಲಭದ ದಾರಿ ಬಡವರಿಗೆ ಯಾಕೆ ಸಿಗುವುದಿಲ್ಲವೋ!

ಬಾವಿಕಟ್ಟೆಯ ಮೇಲೆ ಹಾಲವ್ವ ಎನ್ನುವ ಹೊಸ ಸೊಸೆ ಕೊಡ ತಿಕ್ಕುತ್ತಿದ್ದಳು, ದುಂಡಸಿ ಕಡೆಯ ಹುಡುಗಿ. ಅವಳಿಗೆ ಏನೂ ಗೊತ್ತಿಲ್ಲ. ಚೀಲವನ್ನು ಬೆರಗಿನಿಂದ ನೋಡಿ ಕೇಳಿದಳು: "ಯವ್ವಾ, ಇಷ್ಟ ದಿವಸ ಹೊಂಡದ ನೀರಿಗೆ ಹೋಗತಿದ್ರಂತಲ್ಲ. ಇಲ್ಲೇ ಬಾವಿ ಇದ್ದಾಗ ಯಾಕ ಬರಲಿಲ್ರಿ?"

ಮಾಸೂಮಾ ಹಗ್ಗ ಜಗ್ಗುವುದನ್ನು ನಿಲ್ಲಿಸಲಿಲ್ಲ. ಜಗಲಿಯ ಕಡೆಗೆ ಕೇಳುವಷ್ಟು ಜೋರಾಗಿಯೇ ಹೇಳಿದಳು:

"ಈ ಊರ ದೊಡ್ಡ ಮಂದೀ ಕಾಲು ಮಾಯಲಿ ಅಂತ ಕಾದಿದ್ವಿ, ತಂಗಿ. ಮಾಯ್ದಾವಂತ. ಅದಕ್ಕ ಬಂದೇನಿ."

ಚೀಲ ತುಂಬಿತು. ಎರಡು ಪದರಿನ ಅರಿವೆಯನ್ನು ಬಾಯಿಗೆ ಬಿಗಿದು ಕಟ್ಟಿ, ಬೆನ್ನಿಗೇರಿಸಿ, ಮಾಸೂಮಾ ಮೊದಲು ಊರ ಹೊರಗಿನ ಕೇರಿಯ ಕಡೆ ನಡೆದಳು. ಕಟ್ಟೆ ಬಂದರೂ ಕೇರಿಯ ಹೆಂಗಸರಿಗೆ ಹಗ್ಗ ಮುಟ್ಟುವ ಹಕ್ಕಿರಲಿಲ್ಲ; ಖಾಲಿ ಕೊಡ ಇಟ್ಟುಕೊಂಡು ಆ ದಾರಿಯ ಅಂಚಿನಲ್ಲಿ, ಇನ್ನೂ ಬಿಸಿಲಿನಲ್ಲೇ ನಿಂತಿದ್ದರು.